ಕೈ ಕಾಣದ ಕಡೆ ಕೈಚಳಕ

ನಮ್ಮ ಮಡಿಕೇರಿಯಲ್ಲಿ ಡಿಜೆ ಎಂದರೆ ಮನುಷ್ಯನಲ್ಲ, ಪೆಟ್ಟಿಗೆ. ದಸರಾ ಮಂಟಪದ ಟ್ರ್ಯಾಕ್ಟರಿನಲ್ಲಿ ಆಳೆತ್ತರ ಪೇರಿಸಿದ ಸ್ಪೀಕರುಗಳಿಗೆ ಆ ಹೆಸರು. ಎಷ್ಟು ಬಾಕ್ಸು ಎಂದು ಕೇಳುತ್ತಾರೆ, ನುಡಿಸುವವರು ಯಾರು ಎಂದು ಯಾರೂ ಕೇಳುವುದಿಲ್ಲ. ಆಂಪ್ಲಿಫೈಯರ್, ರೆಕಾರ್ಡ್ ಪ್ಲೇಯರ್ ರಿಪೇರಿ ಮಾಡುತ್ತಾ, ಮದುವೆಗಳಿಗೆ ಸೌಂಡ್ ಹಾಕುತ್ತಾ ಇಪ್ಪತ್ತು ವರ್ಷ ಕಳೆದಿರುವ ನನ್ನ ಕಿವಿಯೂ ಅದಕ್ಕೇ ಒಗ್ಗಿದೆ. ಹಾಗಾಗಿ ಕಕ್ಕಡ ತಿಂಗಳ ಮಳೆಯಲ್ಲಿ ವಿರಾಜಪೇಟೆ ಕಡೆಯ ಹುಡುಗನೊಬ್ಬ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಪ್ಲೇಯರನ್ನು ಮೇಜಿನ ಮೇಲಿಟ್ಟು "ನಾನು ಡಿಜೆ ಆಗಬೇಕು ಸಾರ್" ಎಂದಾಗ ನನಗೆ ಮೊದಲು ಹೊಳೆದದ್ದು ಬಾಡಿಗೆಯ ಲೆಕ್ಕ.

ಅವನ ದೂರು ಬೇರೆಯೇ ಇತ್ತು. ರೆಕಾರ್ಡು ಕೂರುವ ತಟ್ಟೆಯನ್ನು ಕೈಯಿಂದ ಹಿಂದೆ ಮುಂದೆ ಉಜ್ಜಿ ಬಿಟ್ಟರೆ ಹಾಡು ತಕ್ಷಣ ವೇಗ ಹಿಡಿಯುವುದಿಲ್ಲ, ನಿದ್ದೆಯಿಂದ ಎದ್ದವರಂತೆ ತೂಗುತ್ತದೆ. ಬಿಚ್ಚಿ ನೋಡಿದೆ. ಮೋಟಾರಿಗೂ ತಟ್ಟೆಗೂ ನಡುವೆ ರಬ್ಬರ್ ಬೆಲ್ಟು. ಅದು ಹಿಗ್ಗಿ ಜಾರುತ್ತಿತ್ತು. ಮನೆಯಲ್ಲಿ ಹಾಡು ಕೇಳಲು ಬೆಲ್ಟು ಒಳ್ಳೆಯದೇ, ಮೋಟಾರಿನ ನಡುಕವನ್ನು ತಾನೇ ನುಂಗಿಕೊಳ್ಳುತ್ತದೆ. ಉಜ್ಜುವ ಕೈಗೆ ಮಾತ್ರ ಅದು ಶತ್ರು. 1972ರಲ್ಲಿ ಬಂದ ಟೆಕ್ನಿಕ್ಸ್ ಎಸ್‌ಎಲ್-1200 ಎಂಬ ಪ್ಲೇಯರಿನಲ್ಲಿ ಬೆಲ್ಟೇ ಇಲ್ಲ, ಮೋಟಾರೇ ತಟ್ಟೆಯನ್ನು ತಿರುಗಿಸುತ್ತದೆ. ಅದನ್ನೂ ಮನೆಯಲ್ಲಿ ಕೂತು ಸಂಗೀತ ಕೇಳುವವರಿಗೆಂದೇ ಮಾಡಿದ್ದರು. ನ್ಯೂಯಾರ್ಕಿನ ಬ್ರಾಂಕ್ಸ್ ಹುಡುಗರು ಅದನ್ನು ವಾದ್ಯ ಮಾಡಿಕೊಂಡರು. ರೆಕಾರ್ಡಿನ ಕೆಳಗೆ ನುಣುಪಾದ ಬಟ್ಟೆಯ ಬಿಲ್ಲೆ ಹಾಸಿದರೆ, ಮೇಲೆ ಕೈ ರೆಕಾರ್ಡನ್ನು ಹಿಡಿದಿದ್ದರೂ ಕೆಳಗೆ ತಟ್ಟೆ ತನ್ನ ಪಾಡಿಗೆ ತಿರುಗುತ್ತಲೇ ಇರುತ್ತದೆ. ಕೈ ಬಿಟ್ಟ ಕ್ಷಣವೇ ಪೂರ್ಣ ವೇಗ.

ಈ ಉಜ್ಜುವಿಕೆ ಹುಟ್ಟಿದ ಕಥೆಯನ್ನು ಗ್ರ್ಯಾಂಡ್ ವಿಜರ್ಡ್ ಥಿಯೊಡೋರ್ ಎಂಬ ಬ್ರಾಂಕ್ಸ್ ಡಿಜೆಯೇ ಹೇಳಿಕೊಂಡಿದ್ದಾರೆ. ಎಪ್ಪತ್ತರ ದಶಕದ ನಡುವೆ, ಇನ್ನೂ ಹುಡುಗ. ಹಾಡಿನ ಸದ್ದು ಜಾಸ್ತಿಯಾಯಿತೆಂದು ತಾಯಿ ಬಾಗಿಲಲ್ಲಿ ನಿಂತು ಗದರಿದಾಗ ರೆಕಾರ್ಡನ್ನು ಕೈಯಿಂದ ಒತ್ತಿ ಹಿಡಿದರಂತೆ. ಹಿಡಿದ ಕೈ ಸುಮ್ಮನಿರದೆ ಆಡಿದಾಗ ಕೇಳಿದ ಸದ್ದೇ ಸ್ಕ್ರ್ಯಾಚ್.

ಹುಡುಗ ಆ ದಿನ ಮೊಬೈಲಿನಲ್ಲಿ ಒಂದು ಆಲ್ಬಂ ತೋರಿಸಿದ: ಡಿಜೆ ಕ್ಯೂಬರ್ಟ್ ಎಂಬ ಅಮೆರಿಕದ ಸ್ಕ್ರ್ಯಾಚ್ ಕಲಾವಿದರ 'ವೇವ್ ಟ್ವಿಸ್ಟರ್ಸ್', 1998ರದ್ದು, ಅವರ ಮೊದಲ ಏಕವ್ಯಕ್ತಿ ಸ್ಟುಡಿಯೋ ಆಲ್ಬಂ. "ಇದರಲ್ಲಿ ಹಾಡೇ ಇಲ್ಲವಲ್ಲ ಸಾರ್, ಅವರ ವಿಡಿಯೋ ನೋಡಿದರೆ ಮೈ ಜುಮ್ಮೆನ್ನುತ್ತದೆ, ಇದನ್ನು ಕೇಳಿದರೆ ತಲೆನೋವು" ಎಂದ. ಒಳ್ಳೆಯ ಪ್ರಶ್ನೆ. ಬೆಲ್ಟು ಬದಲಿಸುವುದನ್ನು ಪಕ್ಕಕ್ಕಿಟ್ಟು ಕಾಫಿ ತರಿಸಿದೆ.

ಟರ್ನ್‌ಟೇಬಲಿಸ್ಟರು, ಎಂದರೆ ರೆಕಾರ್ಡ್ ಪ್ಲೇಯರನ್ನೇ ವಾದ್ಯವಾಗಿ ನುಡಿಸುವವರು, ಬೆಳೆದದ್ದು ಸ್ಪರ್ಧೆಯ ವೇದಿಕೆಯಲ್ಲಿ. ಕೆಲವೇ ನಿಮಿಷ, ಎರಡು ಪ್ಲೇಯರ್, ನಡುವೆ ಮಿಕ್ಸರ್, ಎದುರಿಗೆ ಕೈಯನ್ನೇ ನೋಡುತ್ತಿರುವ ಜನ. ಒಂದು ಕೈ ರೆಕಾರ್ಡಿನ ಮೇಲೆ, ಇನ್ನೊಂದು ಸದ್ದನ್ನು ತೆರೆದು ಮುಚ್ಚುವ ಕ್ರಾಸ್‌ಫೇಡರ್ ಎಂಬ ಜಾರುಗುಂಡಿಯ ಮೇಲೆ. ಹೊಸಬರು ರೆಕಾರ್ಡಿನ ಕೈಯನ್ನು ನೋಡುತ್ತಾರೆ. ಕೆಲಸ ನಡೆಯುವುದು ಫೇಡರಿನ ಕೈಯಲ್ಲಿ. ರೆಕಾರ್ಡು ನಿಮಿಷಕ್ಕೆ ತಿರುಗುವುದು ಮೂವತ್ತಮೂರೂ ಮೂರನೇ ಒಂದು ಸುತ್ತು, ಎಂದರೆ ಒಂದು ಸುತ್ತಿಗೆ 1.8 ಸೆಕೆಂಡು. ಅರ್ಧ ಸೆಕೆಂಡಿನ ಒಂದು "ಆಹ್" ಎಂಬ ಉದ್ಗಾರ ರೆಕಾರ್ಡಿನಲ್ಲಿ ಹಿಡಿಯುವ ಜಾಗ 100 ಡಿಗ್ರಿ. ಅಷ್ಟನ್ನು ಕೈ ಹಿಂದೆ ಮುಂದೆ ಆಡಿಸುವಾಗ ಫೇಡರ್ ಅದನ್ನು ಎರಡಾಗಿ, ನಾಲ್ಕಾಗಿ ಕತ್ತರಿಸುತ್ತದೆ. ಕ್ಯೂಬರ್ಟ್ ಹೆಸರಿನೊಂದಿಗೆ ಬೆಸೆದಿರುವ ಕ್ರ್ಯಾಬ್ ಎಂಬ ವರಸೆಯಲ್ಲಿ ಹೆಬ್ಬೆರಳು ಫೇಡರಿಗೆ ಆನಿಕೊಂಡಿರುತ್ತದೆ, ಉಳಿದ ಬೆರಳುಗಳು ಒಂದರ ಹಿಂದೊಂದು ತಟ್ಟಿಕೊಂಡು ಹೋಗುತ್ತವೆ. ಮೇಜಿನ ಮೇಲೆ ಬೆರಳಾಡಿಸಿ ಕುದುರೆ ಓಡಿಸುವ ಆಟದ ಹಾಗೆ. ಸದ್ದನ್ನು ಮುಚ್ಚುವುದೇ ಈ ವಾದ್ಯದ ತಾಳ.

ಆಲ್ಬಮ್ಮಿನಲ್ಲಿ ಈ ಕೈ ಕಾಣುವುದಿಲ್ಲ. ವೇದಿಕೆಯಲ್ಲಿ ಕಣ್ಣು ಮಾಡುತ್ತಿದ್ದ ಅರ್ಧ ಕೆಲಸವೂ ಕಿವಿಯ ಮೇಲೆ ಬೀಳುತ್ತದೆ. ಕ್ಯೂಬರ್ಟ್ ಮುಂದಿನ ಪೀಳಿಗೆಯ ಯಾರಿಗೂ ಕಡಿಮೆಯಿಲ್ಲದ ಕೈಗಾರ, ಆದರೂ 'ವೇವ್ ಟ್ವಿಸ್ಟರ್ಸ್' ನನ್ನ ಕಿವಿಗೆ ವಿಪರೀತ ಇಕ್ಕಟ್ಟು. ಇಪ್ಪತ್ತು ನಿಮಿಷಕ್ಕೆ ನಾನು ಎದ್ದು ಹೊರಗೆ ಬರುತ್ತೇನೆ. ಉಸಿರು ಬಿಡುವ ಜಾಗವೇ ಇಲ್ಲ. ಕುತೂಹಲದ ಸಂಗತಿಯೆಂದರೆ, ಈ ಆಲ್ಬಂ ಬಂದ ಮೇಲೆ ಅದರ ಸದ್ದಿಗೆ ಸರಿಯಾಗಿ ಚಿತ್ರ ಜೋಡಿಸಿ ಅದೇ ಹೆಸರಿನ ಅನಿಮೇಷನ್ ಸಿನಿಮಾ ಮಾಡಿದರು. ಅದು 2001ರಲ್ಲಿ ಬಂತು. ನಾಯಕ ಒಬ್ಬ ದಂತವೈದ್ಯ! ಸ್ಕ್ರ್ಯಾಚಿನ ಒಂದೊಂದು ತುಂಡಿಗೂ ಪರದೆಯ ಮೇಲೆ ಒಂದೊಂದು ಚಲನೆ. ಕಳೆದುಹೋದ ಕೈಗೆ ಬದಲಾಗಿ ಕಾರ್ಟೂನ್ ಕೊಟ್ಟಂತಾಯಿತು, ಆಗ ನನಗೂ ಆಲ್ಬಂ ಅರ್ಥವಾಯಿತು.

ಮಾಂಟ್ರಿಯಲ್‌ನ ಟರ್ನ್‌ಟೇಬಲಿಸ್ಟ್ ಕಿಡ್ ಕೊಆಲಾ ಅವರ ಮೊದಲ ಆಲ್ಬಂ 2000ದಲ್ಲಿ ಬಂತು, ಹೆಸರು 'ಕಾರ್ಪಲ್ ಟನಲ್ ಸಿಂಡ್ರೋಮ್'. ಮಣಿಕಟ್ಟಿನಲ್ಲಿ ನರ ಒತ್ತಿ ಕೈ ಜೋಮು ಹಿಡಿಯುವ ಬೇನೆ ಅದು. (ಸೋಲ್ಡರಿಂಗ್ ಕಡ್ಡಿ ಹಿಡಿದು ಕೂತವರಿಗೆ ಈ ತಮಾಷೆ ಬೇಗ ತಿಳಿಯುತ್ತದೆ.) ಅದರಲ್ಲಿ ಒಂದು ಟ್ರಂಪೆಟ್ ಸ್ವರವನ್ನು ರೆಕಾರ್ಡಿನ ವೇಗ ಏರಿಸಿ ಇಳಿಸಿ, ಕುಡಿದವನು ಊದಿದಂತೆ ಓಲಾಡಿಸುತ್ತಾರೆ. ಕೈ ಕಾಣದಿದ್ದರೂ ಅದು ಎಲ್ಲಿ ತಡೆಯಿತು, ಎಲ್ಲಿ ಬಿಟ್ಟಿತು ಎಂಬುದು ಕೇಳುತ್ತದೆ. ಚಳಕದ ಲೆಕ್ಕದಲ್ಲಿ ಕ್ಯೂಬರ್ಟ್ ಮುಂದು. ಆಲ್ಬಂ ಎಂಬ ಲೆಕ್ಕದಲ್ಲಿ ನನ್ನ ಓಟು ಇದಕ್ಕೆ.

ದುಡಿ ಬಾರಿಸುತ್ತಾ ಹಾಡುವ ಕೊಡವರ ದುಡಿಪಾಟ್ ರೆಕಾರ್ಡ್ ಮಾಡುವಾಗ ನನಗೂ ಇದೇ ಪೆಟ್ಟು ಬಿದ್ದಿತ್ತು. ನಾಲ್ವರು ಇಬ್ಬಿಬ್ಬರಾಗಿ ಸಾಲನ್ನು ಹಂಚಿಕೊಂಡು ಹಾಡುತ್ತಾರೆ. ಎದುರಿಗೆ ಕೂತರೆ ಯಾವ ಜೋಡಿ ಯಾವಾಗ ಎತ್ತಿಕೊಂಡಿತು ಎಂಬುದನ್ನು ಕಣ್ಣೇ ಹೇಳುತ್ತದೆ. ನಡುವೆ ಒಂದೇ ಮೈಕ್ ಇಟ್ಟು ರೆಕಾರ್ಡ್ ಮಾಡಿ ಮನೆಗೆ ಬಂದು ಕೇಳಿದರೆ ಎಲ್ಲವೂ ಒಂದೇ ಮುದ್ದೆ. ಮುಂದಿನ ಸಲ ಒಂದು ಜೋಡಿಯನ್ನು ಎಡಗಿವಿಗೆ, ಇನ್ನೊಂದನ್ನು ಬಲಗಿವಿಗೆ ಸರಿಸಿದೆ. ದುಡಿಗೆ ಹತ್ತಿರದಲ್ಲಿ ಬೇರೆ ಮೈಕ್ ಕೊಟ್ಟೆ. ಆಗ ಕೋಲು ಬೀಳುವುದು ಮಾತ್ರವಲ್ಲ, ಏಳುವುದೂ ಕೇಳಿಸಿತು.

ಹುಡುಗನಿಗೆ ನೇರ ಮೋಟಾರಿನ ಪ್ಲೇಯರಿನ ಬೆಲೆ ಹೇಳಿದೆ. ಕಾಫಿ ಕೊಯ್ಲು ಮುಗಿಯಲಿ ಎಂದ. ಸದ್ಯಕ್ಕೆ ಹೊಸ ಬೆಲ್ಟು ಹಾಕಿ, ಗೋಲತುದಿಯ ಸೂಜಿ ಕೊಟ್ಟು, ಮೂರು ಗ್ರಾಂ ಭಾರಕ್ಕೆ ಇಟ್ಟುಕೊಟ್ಟೆ. ಅಷ್ಟು ಭಾರಕ್ಕೆ ರೆಕಾರ್ಡು ಬೇಗ ಸವೆಯುತ್ತದೆ, ಆದರೆ ಉಜ್ಜಿದಾಗ ಸೂಜಿ ಗೆರೆಯಿಂದ ಹಾರುವುದು ಕಡಿಮೆ. ಅಜ್ಜನ ರೆಕಾರ್ಡುಗಳನ್ನು ಮುಟ್ಟಬೇಡ ಎಂದೂ ಹೇಳಿದೆ. ಅವುಗಳಿಗೆ ಈಗಾಗಲೇ ಮಳೆಗಾಲದ ಬೂಷ್ಟು ಸಾಕಷ್ಟು ಕಾಟ ಕೊಟ್ಟಿತ್ತು.

ಪುತ್ತರಿ ಹಬ್ಬ ಕಳೆದ ಮೇಲೆ ಮತ್ತೆ ಬಂದ. ಎರಡು ನಿಮಿಷದ ತನ್ನದೇ ವಿಡಿಯೋ ತಂದಿದ್ದ. ಮೊಬೈಲನ್ನು ಮೇಜಿನ ಮೇಲೆ ಬೋರಲು ಹಾಕಿಸಿ ಕೇಳಿದೆ. ನಲವತ್ತು ಸೆಕೆಂಡಿನವರೆಗೆ ಕೈ ಕೇಳಿಸಿತು. ಆಮೇಲೆ ಬರೀ ಬೆಲ್ಟು.