ಎಣ್ಣೆ ಬಿಟ್ಟರೂ ಟ್ರೈಗ್ಲಿಸರೈಡ್ ಯಾಕೆ ಇಳಿಯದು?

"ಎಣ್ಣೆ-ತುಪ್ಪ ಬಿಟ್ಟು ತಿಂಗಳುಗಟ್ಟಲೆ ಆಯ್ತು ಡಾಕ್ಟ್ರೇ, ಟ್ರೈಗ್ಲಿಸರೈಡ್ ಮಾತ್ರ ಇಳೀತಾ ಇಲ್ಲ." ತೀರ್ಥಹಳ್ಳಿ, ಹೊಸನಗರದ ಕಡೆಯಿಂದ ಶಿವಮೊಗ್ಗಕ್ಕೆ ಬರುವ ಸಕ್ಕರೆ ಕಾಯಿಲೆಯವರ ಸಾಮಾನ್ಯ ದೂರಿದು. ಊಟದ ಲೆಕ್ಕ ಕೇಳಿದರೆ ಬೆಳಗ್ಗೆ ಅಕ್ಕಿ ರೊಟ್ಟಿ ಇಲ್ಲವೇ ಕಡುಬು, ಮಧ್ಯಾಹ್ನ ಅನ್ನ, ರಾತ್ರಿಯೂ ಅನ್ನ. ಹೆಚ್ಚಾದ ಪಿಷ್ಟವನ್ನು ಯಕೃತ್ತು ತಾನೇ ಕೊಬ್ಬಾಗಿಸಿ ರಕ್ತಕ್ಕೆ ಬಿಡುತ್ತದೆ. ಟ್ರೈಗ್ಲಿಸರೈಡ್ ಎಂದರೆ ಈ ಕೊಬ್ಬೇ. ಆ ಕೊಬ್ಬು ಜೀವಕೋಶದೊಳಗೆ ಹೋಗಿ ಏನಾಗುತ್ತದೆ ಎಂಬುದು ಇನ್ನೂ ಮುಖ್ಯ.

ಕೊಬ್ಬಿನ ಘಟಕವಾದ ಕೊಬ್ಬಿನಾಮ್ಲ ನೀರಿನಲ್ಲಿ ಕರಗದು. ರಕ್ತದಲ್ಲಿ ಅಲ್ಬುಮಿನ್ ಎಂಬ ಪ್ರೋಟೀನಿಗೆ ಅಂಟಿಕೊಂಡೇ ಸಾಗುತ್ತದೆ. ಬಿಡಿಯಾಗಿರುವುದು ಸಾವಿರದಲ್ಲೊಂದು ಪಾಲೂ ಇಲ್ಲ. ಕೋಶಪೊರೆಯ ಮೂಲ ಪದರವೂ ಕೊಬ್ಬಿನದೇ ಆದ್ದರಿಂದ ಅದು ತಾನಾಗಿಯೇ ಒಳಗೆ ಜಾರಬಲ್ಲದು. ಹಾಗಿದ್ದರೆ ವಾಹಕ ಪ್ರೋಟೀನ್ ಯಾಕೆ ಬೇಕು ಎಂದು ವಿಜ್ಞಾನಿಗಳು ದಶಕಗಳ ಕಾಲ ವಾದಿಸಿದ್ದಾರೆ. ಸ್ನಾಯು ಮತ್ತು ಹೃದಯದಲ್ಲಂತೂ ಸಿಡಿ36 ಎಂಬ ಪ್ರೋಟೀನಿನ ಪಾತ್ರ ದೊಡ್ಡದು. ಹೆಬ್ಬಾಗಿಲು ಅದೇ. ಊಟವಾಗಿ ಇನ್ಸುಲಿನ್ ಏರಿದಾಗ ಅಥವಾ ಸ್ನಾಯು ದುಡಿಯುವಾಗ, ಕೋಶದೊಳಗಿನ ಪುಟ್ಟ ಚೀಲಗಳಲ್ಲಿದ್ದ ಸಿಡಿ36 ಪೊರೆಗೆ ಬರುತ್ತದೆ, ಆಮೇಲೆ ಒಳಗೆ ಮರಳುತ್ತದೆ. ಸಕ್ಕರೆಯನ್ನು ಒಳಬಿಡುವ ಗ್ಲೂಟ್4 ಕೂಡ ಹೀಗೆಯೇ.

ಇನ್ಸುಲಿನ್ನಿನ ಸಂಕೇತಕ್ಕೆ ಕೋಶ ಸರಿಯಾಗಿ ಓಗೊಡದ ಇನ್ಸುಲಿನ್ ಪ್ರತಿರೋಧದಲ್ಲಿ ಈ ಜೋಡಿ ತಪ್ಪುತ್ತದೆ. ಗ್ಲೂಟ್4 ಒಳಗೇ ಉಳಿಯುತ್ತದೆ, ಸಿಡಿ36 ಪೊರೆಯಲ್ಲೇ ಬೀಡುಬಿಡುತ್ತದೆ. ಕೊಬ್ಬು ಬರುತ್ತಲೇ ಇರುತ್ತದೆ. ಅದನ್ನು ಉರಿಸುವ ಕೋಶದೊಳಗಿನ ಒಲೆಯಾದ ಮೈಟೊಕಾಂಡ್ರಿಯಕ್ಕೆ ಸಿಪಿಟಿ1 ಎಂಬ ನಡುಬಾಗಿಲಿದೆ. ಪಿಷ್ಟ, ಸಕ್ಕರೆ ಮಿತಿಮೀರಿದಾಗ ಹೆಚ್ಚುವ ಮೆಲೊನಿಲ್-ಕೋಎ ಎಂಬ ರಾಸಾಯನಿಕ ಆ ಬಾಗಿಲನ್ನು ಮುಚ್ಚಿಸುತ್ತದೆ. ಹೊರಗಿನದು ತೆರೆದು ಒಳಗಿನದು ಮುಚ್ಚಿದಾಗ, ನಡುವೆ ಉಳಿದ ಕೊಬ್ಬು ಡೈಅಸೈಲ್‌ಗ್ಲಿಸರಾಲ್, ಸೆರಮೈಡ್ ಎಂಬ ಕೊಬ್ಬುಗಳಾಗಿ ಇನ್ಸುಲಿನ್ ಸಂಕೇತವನ್ನೇ ಕೆಡಿಸುತ್ತದೆ.

ಅದಕ್ಕೇ ಊಟವಾದ ಮೇಲೆ 10–15 ನಿಮಿಷ ನಡೆಯಿರಿ ಎಂದು ಒತ್ತಿ ಹೇಳುತ್ತೇನೆ. ದುಡಿಯುವ ಸ್ನಾಯು ಇನ್ಸುಲಿನ್ನಿನ ಹಂಗಿಲ್ಲದೆ ಗ್ಲೂಟ್4 ಅನ್ನು ಪೊರೆಗೆ ತರುತ್ತದೆ, ಮೆಲೊನಿಲ್-ಕೋಎ ಇಳಿಸಿ ನಡುಬಾಗಿಲನ್ನೂ ತೆರೆಯುತ್ತದೆ. ಜೋರು ಮಳೆಯಲ್ಲಿ ತೋಟಕ್ಕೆ ಇಳಿಯಲಾಗದಿದ್ದರೆ ಜಗಲಿಯಲ್ಲೇ ಓಡಾಡಿದರೂ ಆದೀತು. ರಾತ್ರಿ ಅನ್ನ ಅರ್ಧಕ್ಕಿಳಿಸಿ, ಆ ಜಾಗಕ್ಕೆ ಪಲ್ಯ, ಕಾಳು ಬಡಿಸಿಕೊಳ್ಳಿ. 70 ಕಿಲೋ ತೂಕದವರು ಮೂರೂವರೆ ಕಿಲೋ ಇಳಿದರೂ ಯಕೃತ್ತಿನ ಕೊಬ್ಬು ಕಡಿಮೆಯಾಗುತ್ತದೆ. ಗ್ಲಿಮೆಪಿರೈಡ್ ಎಂಬ ಸಕ್ಕರೆ ಕಾಯಿಲೆಯ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಮಾತ್ರ ಅನ್ನ ಇಳಿಸುವ ಮುಂಚೆ ಡೋಸ್ ಸರಿಮಾಡಿಸಿಕೊಳ್ಳಬೇಕು. ಇಲ್ಲದಿದ್ದರೆ ಸಕ್ಕರೆ 70ಕ್ಕಿಂತ ಕೆಳಗೆ ಕುಸಿದು ಬೆವರು, ನಡುಕ ಶುರುವಾಗಬಹುದು. ಇನ್ನು ಟ್ರೈಗ್ಲಿಸರೈಡ್ 500 ದಾಟಿದ್ದರೆ ಮೇದೋಜೀರಕ ಗ್ರಂಥಿ ಊದಿಕೊಳ್ಳುವ ಅಪಾಯವಿರುವುದರಿಂದ ಎಣ್ಣೆ-ತುಪ್ಪವನ್ನೂ ಬಿಗಿಯಾಗಿ ಕಡಿಮೆ ಮಾಡಲೇಬೇಕು, ಮದ್ಯವನ್ನು ಪೂರ್ತಿ ಬಿಡಬೇಕು.