ಮೈಸೂರಿನಲ್ಲಿ ಮರಗಿಡ ಇರುವ ಏರಿಯಾದಲ್ಲಿ ಕೈಗೆಟಕುವ ಬೆಲೆಗೆ ಮನೆ ಸಿಗುತ್ತದಾ?

ಪ್ರಶ್ನೆ: ನಾವು ಗಂಡ ಹೆಂಡತಿ ಇಬ್ಬರೂ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೇವೆ. ಬಾಡಿಗೆ ಮನೆ. ಮೈಸೂರಿನಲ್ಲಿ 75 ಲಕ್ಷದೊಳಗೆ ಒಂದು ಮನೆ ತಗೊಂಡು, ನಿಧಾನಕ್ಕೆ ಅಲ್ಲಿಗೇ ಹೋಗಿಬಿಡೋಣ ಅಂತ ಆಸೆ. ಸುತ್ತ ಮರಗಿಡ ಇರಬೇಕು, ಬೆಳಗ್ಗೆ ವಾಕಿಂಗಿಗೆ ಜಾಗ ಇರಬೇಕು, ಅಷ್ಟೇ. ರಿಂಗ್ ರೋಡ್ ಆಚೆಯ ಹೊಸ ಬಡಾವಣೆಗಳು ಹಸಿರಾಗಿವೆ, ಬೆಲೆಯೂ ಕಮ್ಮಿ. ಊರೊಳಗಿನ ಹಳೇ ಮನೆಗಳು ಚಿಕ್ಕವು, ಬೆಲೆ ಜಾಸ್ತಿ. ಯಾವ ಕಡೆ ಹೋಗುವುದು ಒಳ್ಳೆಯದು?

ಉತ್ತರ: 2023ರ ಮಾರ್ಚ್‌ನಲ್ಲಿ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾದ ಮೇಲೆ ಈ ಪ್ರಶ್ನೆ ಕೇಳುವವರು ಜಾಸ್ತಿಯಾಗಿದ್ದಾರೆ. ನಿಮ್ಮ ಆಸೆ ಮರಗಿಡ ಮತ್ತು ವಾಕಿಂಗ್ ಅಷ್ಟೇ ಆಗಿದ್ದರೆ, ನನ್ನ ಮತ ಊರೊಳಗಿನ ಚಿಕ್ಕ ಹಳೇ ಮನೆಗೆ. ಯಾಕೆ ಅಂತ ಹೇಳುತ್ತೇನೆ.

ರಿಂಗ್ ರೋಡ್ ಆಚೆ ನೀವು ನೋಡಿದ ಹಸಿರು ಯಾರದ್ದು? ಮೊದಲು ಅದನ್ನು ಕೇಳಿಕೊಳ್ಳಿ. ಪಕ್ಕದ ಖಾಲಿ ಸೈಟಿನಲ್ಲಿ ಬೆಳೆದ ಗಿಡಗಂಟಿ, ಹಿಂದಿನ ತೆಂಗಿನ ತೋಟ, ಎದುರಿನ ರಾಗಿ ಹೊಲ. ಎಲ್ಲವೂ ಯಾರದ್ದೋ ಸ್ವಂತ ಜಮೀನು. ಅಲ್ಲಿ ಬೆಲೆ ಕಮ್ಮಿ ಇರುವುದು ಇನ್ನೂ ಯಾರೂ ಕಟ್ಟಿಲ್ಲ ಅಂತ. ಹಸಿರು ಉಳಿದಿರುವುದೂ ಅದೇ ಕಾರಣಕ್ಕೆ. ಬ್ರೋಕರ್ ನಿಮಗೆ ಹೇಳುವ ಮಾತು ನೆನಪಿಸಿಕೊಳ್ಳಿ: "ಇನ್ನೈದು ವರ್ಷಕ್ಕೆ ಈ ಏರಿಯಾ ಎಲ್ಲಿಗೋ ಹೋಗುತ್ತೆ ಸಾರ್." ಅವನು ಹೇಳಿದ್ದು ನಿಜವಾದರೆ ತೋಟ ಹೋಗುತ್ತದೆ, ಹೊಲ ಹೋಗುತ್ತದೆ, ನಿಮ್ಮ ಕಿಟಕಿಗೆ ಪಕ್ಕದ ಮನೆಯ ಗೋಡೆ ಬರುತ್ತದೆ. ಸುಳ್ಳಾದರೆ ನೀರಿಲ್ಲದ, ಬಸ್ಸಿಲ್ಲದ, ದೀಪವಿಲ್ಲದ ರಸ್ತೆಯಲ್ಲಿ ನೀವೊಬ್ಬರೇ ಇರುತ್ತೀರಿ.

ಉಳಿಯುವ ಹಸಿರು ಬೇರೆ. ಅದು ಸಾರ್ವಜನಿಕ ಜಾಗದಲ್ಲಿರುತ್ತದೆ, ದಾಖಲೆಯಲ್ಲಿರುತ್ತದೆ: ಕೆರೆ, ಅನುಮೋದಿತ ನಕ್ಷೆಯಲ್ಲಿ ಗುರುತಿಸಿದ ಪಾರ್ಕು, ಅಗಲವಾದ ರಸ್ತೆಯ ಸಾಲುಮರ, ವಿಶ್ವವಿದ್ಯಾಲಯದಂಥ ದೊಡ್ಡ ಆವರಣ. ಈ ವಿಷಯದಲ್ಲಿ ಮೈಸೂರು ಪುಣ್ಯ ಮಾಡಿದ ಊರು. ಪ್ಲೇಗ್ ಬಂದು ಹೋದ ಮೇಲೆ, 1903ರಲ್ಲೇ ಇಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಶುರುವಾಯಿತು. ಬಡಾವಣೆ ಮಾಡುವಾಗಲೇ ರಸ್ತೆ ಅಗಲ ಇರಬೇಕು, ಪಾರ್ಕಿಗೆ ಜಾಗ ಬಿಡಬೇಕು ಎಂಬ ರೂಢಿ ಅಲ್ಲಿಂದ ಬಂತು. 1988ರಲ್ಲಿ ಅದರ ಜಾಗಕ್ಕೆ ಮೈಸೂರು ನಗರಾಭಿವೃದ್ಧಿ ಪ್ರಾಧಿಕಾರ, ಅಂದರೆ ಮುಡಾ ಬಂತು, ಈಗ ಅದು ಮೈಸೂರು ಅಭಿವೃದ್ಧಿ ಪ್ರಾಧಿಕಾರ, ಎಂಡಿಎ. ಸೈಟು ಹಂಚಿಕೆಯಲ್ಲಿ ಆಮೇಲೆ ಏನೇನಾಯಿತು ಅನ್ನುವುದು ಪೇಪರ್ ಓದುವವರಿಗೆಲ್ಲ ಗೊತ್ತು. ಆದರೂ ಹಳೇ ಬಡಾವಣೆಗಳ ನಕ್ಷೆ ಚೆನ್ನಾಗಿದೆ ಎಂಬುದನ್ನು ಒಪ್ಪಬೇಕು.

ಹಾಗಂತ ಯಾದವಗಿರಿ, ಜಯಲಕ್ಷ್ಮೀಪುರಂ, ಸರಸ್ವತೀಪುರಂ ಕಡೆ ನಿಮ್ಮ ಬಜೆಟ್ಟಿಗೆ ಸ್ವತಂತ್ರ ಮನೆ ಹುಡುಕಿ ಸುಸ್ತಾಗಬೇಡಿ. ಗೋಕುಲಂ ಕೂಡ ಯೋಗ ಕಲಿಯಲು ವಿದೇಶದಿಂದ ಬರುವವರಿಂದಾಗಿ ಯಾವತ್ತೋ ದುಬಾರಿಯಾಗಿದೆ. ನೀವು ನೋಡಬೇಕಾದ್ದು ಅದರ ನಂತರದ ಸಾಲಿನವು: ಕುವೆಂಪುನಗರ, ರಾಮಕೃಷ್ಣನಗರ, ದಟ್ಟಗಳ್ಳಿ, ಜೆ.ಪಿ. ನಗರ, ಶ್ರೀರಾಂಪುರ, ಹೂಟಗಳ್ಳಿಯ ಹೌಸಿಂಗ್ ಬೋರ್ಡ್ ಕಾಲೊನಿ. ಇಲ್ಲಿ 30×40 ಅಡಿ ಸೈಟಿನ ಮನೆ ಅಲ್ಲ, 20×30ರ ಕಡೆ ಕಣ್ಣು ಹಾಯಿಸಿ. ಸರ್ಕಾರಿ ಸಂಸ್ಥೆಗಳೇ ಕಡಿಮೆ ಆದಾಯದವರಿಗೆ, ಮಧ್ಯಮ ಆದಾಯದವರಿಗೆ ಕಟ್ಟಿಸಿ ಹಂಚಿದ ಎಲ್‌ಐಜಿ, ಎಂಐಜಿ ಮನೆಗಳನ್ನು ಕೇಳಿ. ಮನೆ ಚಿಕ್ಕದು, ಅಡುಗೆಮನೆ ಕತ್ತಲೆ, ಕಾರು ರಸ್ತೆಯಲ್ಲೇ ನಿಲ್ಲಬೇಕು. ಆದರೆ ಹೆಚ್ಚಿನ ಕಡೆ ಕಾವೇರಿ ಅಥವಾ ಕಬಿನಿ ನೀರು ನಲ್ಲಿಯಲ್ಲಿ ಬರುತ್ತದೆ, ಒಳಚರಂಡಿ (ಯುಜಿಡಿ) ಇದೆ, ನಡೆದು ಹೋಗುವ ದೂರದಲ್ಲಿ ಪಾರ್ಕಿದೆ. ರಾಮಕೃಷ್ಣನಗರ, ಶ್ರೀರಾಂಪುರದ ಕಡೆಯಾದರೆ ಲಿಂಗಾಂಬುಧಿ ಕೆರೆಯೇ ಹತ್ತಿರ. ಅದು ಅರಣ್ಯ ಇಲಾಖೆಯ ಕೈಯಲ್ಲಿದೆ, ಅಂದರೆ ನಾಳೆ ಬೆಳಗ್ಗೆ ಯಾರೂ ಅದನ್ನು ಸೈಟು ಮಾಡಿ ಮಾರುವ ಹಾಗಿಲ್ಲ. ಸ್ವತಂತ್ರ ಮನೆಯೇ ಬೇಕು ಅಂತಿಲ್ಲದಿದ್ದರೆ, ಇದೇ ಏರಿಯಾಗಳ ಹಳೇ ಅಪಾರ್ಟ್‌ಮೆಂಟಿನ ಫ್ಲಾಟನ್ನೂ ನೋಡಬಹುದು.

ಊರೊಳಗೆ ಎಲ್ಲವೂ ಚೆಂದ ಅಂತ ನಾನು ಹೇಳುತ್ತಿಲ್ಲ. ಸಾಲುಮರಕ್ಕೂ ಗ್ಯಾರಂಟಿ ಇಲ್ಲ. 2025ರ ಏಪ್ರಿಲ್‌ನಲ್ಲಿ ಹೈದರ್ ಅಲಿ ರಸ್ತೆ ಅಗಲ ಮಾಡಲು 40 ಮರ ಉರುಳಿಸಿದ್ದನ್ನು ಮೈಸೂರಿನವರು ಇನ್ನೂ ಮರೆತಿಲ್ಲ. ಹಾಗಾಗಿ ಮುಖ್ಯರಸ್ತೆಯ ನೆರಳು ನೋಡಿ ಮನೆ ಆರಿಸಬೇಡಿ, ಒಳಗಿನ ಅಡ್ಡರಸ್ತೆಯ ಮರ ಹೆಚ್ಚು ಕಾಲ ಉಳಿಯುತ್ತದೆ. ಇನ್ನೊಂದು ವಿಷಯ ವಾಸನೆ. ವಿದ್ಯಾರಣ್ಯಪುರದ ಸೂಯೆಜ್ ಫಾರಂನಲ್ಲಿ ಊರಿನ ಕಸ ಬಂದು ಬೀಳುತ್ತದೆ. ಗಾಳಿ ತಿರುಗಿದಾಗ ಸುತ್ತಲ ಬಡಾವಣೆಗಳಿಗೆ, ಜೆ.ಪಿ. ನಗರದ ಕೆಲವು ಭಾಗಕ್ಕೂ ಅದು ಗೊತ್ತಾಗುತ್ತದೆ. ಭಾನುವಾರ ಬೆಳಗ್ಗೆ ಹತ್ತಕ್ಕೆ ಬ್ರೋಕರ್ ಜೊತೆ ಹೋದರೆ ಇದು ತಿಳಿಯದಿರಬಹುದು. ಸಂಜೆ ಹೊತ್ತು ಹೋಗಿ, ಮಳೆ ಬಂದ ಮರುದಿನ ಹೋಗಿ, ಮೂಲೆ ಅಂಗಡಿಯವರನ್ನು ಮಾತಾಡಿಸಿ. ಕೆರೆ ಪಕ್ಕ ಅಂತ ಹಿಗ್ಗುವ ಮೊದಲು ಆ ಕೆರೆಗೆ ಏನು ಸೇರುತ್ತದೆ ಅಂತಲೂ ನೋಡಿ. ದಳವಾಯಿ ಕೆರೆಗೆ ಕೊಳಚೆ ಹರಿಯುವ ದೂರು ವರ್ಷಗಳಿಂದ ಇದೆ.

ಇಷ್ಟು ಕೇಳಿಯೂ ಹೊರವಲಯವೇ ಇಷ್ಟ ಅಂದರೆ, ಅದೂ ತಪ್ಪಲ್ಲ. ಆದರೆ ಅಲ್ಲಿ ಕೇಳಬೇಕಾದ ಪ್ರಶ್ನೆಗಳು ಹೆಚ್ಚು. ಎಲ್ಲಕ್ಕಿಂತ ಮೊದಲನೆಯದು: ಬಡಾವಣೆ ಹಸ್ತಾಂತರ ಆಗಿದೆಯಾ? ಖಾಸಗಿಯವರು, ಗೃಹ ನಿರ್ಮಾಣ ಸಹಕಾರ ಸಂಘದವರು ಮಾಡಿದ ಬಡಾವಣೆಗಳಲ್ಲಿ ರಸ್ತೆ, ಚರಂಡಿ, ಬೀದಿದೀಪ, ಪಾರ್ಕು ಎಲ್ಲ ಮುಗಿಸಿ ಪ್ರಾಧಿಕಾರಕ್ಕೆ, ಅಲ್ಲಿಂದ ಪಾಲಿಕೆಗೋ ಪಂಚಾಯಿತಿಗೋ ಒಪ್ಪಿಸಬೇಕು. ಒಪ್ಪಿಸದ ಬಡಾವಣೆಗಳು ಬೇಕಾದಷ್ಟಿವೆ. ಅಲ್ಲಿ ಬೀದಿದೀಪ ಕೆಟ್ಟರೆ ಯಾರಿಗೆ ಹೇಳಬೇಕು ಅನ್ನುವುದೇ ಗೊತ್ತಾಗುವುದಿಲ್ಲ. ನೀರು ಬೋರ್‌ವೆಲ್ಲಿನದು, ಬೇಸಿಗೆಯಲ್ಲಿ ಟ್ಯಾಂಕರ್. ಎರಡನೆಯದು, ಮನೆ ಯಾರ ವ್ಯಾಪ್ತಿಯಲ್ಲಿದೆ? ಇದನ್ನು ನಾನು ಮೇಲೆ ಹೇಳಿದ ಶ್ರೀರಾಂಪುರ, ಹೂಟಗಳ್ಳಿಯಲ್ಲೂ ಕೇಳಿ. ಬೋಗಾದಿ, ಶ್ರೀರಾಂಪುರ, ರಮ್ಮನಹಳ್ಳಿ, ಕಡಕೊಳ ಪಟ್ಟಣ ಪಂಚಾಯಿತಿಗಳಾದವು, ಹೂಟಗಳ್ಳಿ ನಗರಸಭೆಯಾಯಿತು. ಇವನ್ನೆಲ್ಲ ಸೇರಿಸಿ ದೊಡ್ಡ ಪಾಲಿಕೆ ಮಾಡುವ ಕೆಲಸಕ್ಕೂ ಸರ್ಕಾರ ಕೈ ಹಾಕಿದೆ. ವಿಳಾಸದಲ್ಲಿ 'ಮೈಸೂರು' ಅಂತ ಇದ್ದ ಮಾತ್ರಕ್ಕೆ ಪಾಲಿಕೆಯ ನೀರು, ಕಸದ ಗಾಡಿ ಬರುತ್ತದೆ ಅಂತ ಅಂದುಕೊಳ್ಳಬೇಡಿ.

ಆಮೇಲೆ ಪಾರ್ಕು. "ಇದೇ ಸಾರ್ ಪಾರ್ಕು" ಅಂತ ತೋರಿಸುವ ಜಾಗ ಅನುಮೋದಿತ ನಕ್ಷೆಯಲ್ಲೂ ಪಾರ್ಕೇ ಆಗಿರಬೇಕು. ಬ್ರೋಷರ್ ಅಲ್ಲ, ಪ್ರಾಧಿಕಾರದ ಸೀಲು ಇರುವ ನಕ್ಷೆಯ ಪ್ರತಿ ಕೇಳಿ. ನಾಗರಿಕ ಸೌಲಭ್ಯಕ್ಕೆ ಅಂತ ಬಿಟ್ಟ ಜಾಗ, ಅಂದರೆ ಸಿಎ ಸೈಟು ಬೇರೆ, ಪಾರ್ಕು ಬೇರೆ. ಇವತ್ತು ಮಕ್ಕಳು ಕ್ರಿಕೆಟ್ ಆಡುವ ಸಿಎ ಸೈಟಿನಲ್ಲಿ ನಾಳೆ ಸ್ಕೂಲೋ ಸಮುದಾಯ ಭವನವೋ ಎದ್ದು ನಿಲ್ಲಬಹುದು, ಅದು ಕಾನೂನಿನ ಪ್ರಕಾರವೇ. ಸುತ್ತಲಿನ ಜಮೀನಿಗೆ ಯಾವ ಬಣ್ಣ ಹಚ್ಚಿದ್ದಾರೆ ಅಂತ ಮೈಸೂರು–ನಂಜನಗೂಡು ಮಾಸ್ಟರ್ ಪ್ಲಾನ್ 2031ರ ನಕ್ಷೆಯಲ್ಲಿ ನೋಡಿ. ಹಳದಿ ಇದ್ದರೆ ಅಲ್ಲಿ ಮನೆಗಳು ಬರುತ್ತವೆ, ನೇರಳೆ ಇದ್ದರೆ ಕಾರ್ಖಾನೆ. ಸರ್ಕಾರದ ದಿಶಾಂಕ್ ಆ್ಯಪ್ ಫೋನಿಗೆ ಹಾಕಿಕೊಂಡು ಆ ಜಾಗದಲ್ಲೇ ನಿಂತು ತೆರೆದರೆ ಸರ್ವೆ ನಂಬರ್ ತೋರಿಸುತ್ತದೆ. ಹತ್ತಿರದಲ್ಲಿ ಕೆರೆ, ಹಳ್ಳ, ರಾಜಕಾಲುವೆ ಇದೆಯಾ ಅಂತ ಗ್ರಾಮ ನಕ್ಷೆಯಲ್ಲಿ ತಾಳೆ ನೋಡಿ. ಕೆರೆಗಳಿಗೆ ನೀರು ತರುತ್ತಿದ್ದ ಪೂರ್ಣಯ್ಯ ನಾಲೆಯೇ ಎಷ್ಟೋ ಕಡೆ ಒತ್ತುವರಿಯಾಗಿದೆ. ಹಳೇ ಕಾಲುವೆ ಮುಚ್ಚಿದ ಜಾಗವನ್ನು ಮಳೆನೀರು ಮಾತ್ರ ಮರೆಯುವುದಿಲ್ಲ.

ಕಾಗದಪತ್ರದ ಬಗ್ಗೆ ಉದ್ದ ಭಾಷಣ ಬೇಡ, ಒಬ್ಬ ಒಳ್ಳೆಯ ಸಿವಿಲ್ ವಕೀಲರಿಗೆ ಫೀಸು ಕೊಟ್ಟು ತೋರಿಸಿ. ಆದರೆ ನಿಮಗೇ ಗೊತ್ತಿರಬೇಕಾದ್ದು ಕೆಲವಿವೆ. ಊರೊಳಗಿನ ಹಂಚಿಕೆ ಮನೆಯಾದರೆ ಹಂಚಿಕೆ ಪತ್ರ, ಲೀಸ್ ಅವಧಿ ಮುಗಿದ ಮೇಲೆ ಕೊಟ್ಟ ಕ್ರಯಪತ್ರ, ಆಮೇಲಿನ ಒಂದೊಂದು ಮಾರಾಟದ ಪತ್ರ, ಯಾವುದೂ ತಪ್ಪದೆ ಇರಬೇಕು. ಅಪ್ಪನ ಹೆಸರಿನಲ್ಲಿದ್ದ ಮನೆಯನ್ನು ಒಬ್ಬ ಮಗ ಮಾರಲು ಬಂದರೆ ಉಳಿದ ಮಕ್ಕಳೆಲ್ಲಿ ಅಂತ ಕೇಳಿ. ಹೆಣ್ಣುಮಕ್ಕಳ ಸಹಿ ಬಿಟ್ಟು ಹೋದ ಮನೆಗಳೇ ಕೋರ್ಟಿನಲ್ಲಿ ಜಾಸ್ತಿ ನರಳುವುದು. ಕ್ರಯಪತ್ರವಿಲ್ಲದೆ ಬರೀ ಜಿಪಿಎ (ಅಧಿಕಾರ ಪತ್ರ) ಮೇಲೆ ಕೈ ಬದಲಾದ ಆಸ್ತಿ ಬೇಡವೇ ಬೇಡ. ಜಿಪಿಎಯಿಂದ ಮಾಲೀಕತ್ವ ಬರುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಹೊರವಲಯದಲ್ಲಿ ಭೂ ಪರಿವರ್ತನೆ ಆದೇಶ, ಅಂದರೆ ಕೃಷಿ ಜಮೀನನ್ನು ವಾಸಕ್ಕೆ ಬದಲಿಸಿದ ಆದೇಶ ನೋಡಬೇಕು. ಜೊತೆಗೆ ಆ ಜಮೀನು ಮೂಲದಲ್ಲಿ ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ್ದಾ ಅಂತಲೂ ನೋಡಬೇಕು. ಆಗಿದ್ದರೆ ಸರ್ಕಾರದ ಅನುಮತಿ ಇಲ್ಲದ ಮಾರಾಟ 1978ರ ಪಿಟಿಸಿಎಲ್ ಕಾಯ್ದೆ ಪ್ರಕಾರ ನಿಲ್ಲುವುದಿಲ್ಲ.

ಇ-ಖಾತಾ (ಆಸ್ತಿಯ ಡಿಜಿಟಲ್ ಖಾತೆ) ಇಲ್ಲದೆ ನಗರದ ಆಸ್ತಿ ನೋಂದಣಿ 2024ರ ಅಕ್ಟೋಬರ್‌ನಿಂದ ಆಗುವುದಿಲ್ಲ. ಹಾಗಾಗಿ ಮುಂಗಡ ಕೊಡುವ ಮೊದಲೇ ಅದನ್ನು ಕೇಳಿ. ಬಿ ಖಾತಾ ತೋರಿಸಿ "ಎಲ್ಲ ಸಕ್ರಮ ಆಗಿದೆ" ಅಂದರೆ ನಂಬಬೇಡಿ. ಬಿ ಖಾತಾ ಕೊಟ್ಟಿದ್ದಾರೆ ಅಂದರೆ ತೆರಿಗೆ ಕಟ್ಟಿಸಿಕೊಳ್ಳುತ್ತಾರೆ ಅಂತ ಅರ್ಥ. ಬಡಾವಣೆಗೆ ಅನುಮೋದನೆ ಸಿಕ್ಕಿದೆ ಅಂತಲ್ಲ.

ಈಗ ದುಡ್ಡು. 75 ಲಕ್ಷ ಬಜೆಟ್ ಅಂದಿರಿ. ಮನೆಯ ಬೆಲೆಯೇ 75 ಲಕ್ಷ ಆದರೆ ನಿಮ್ಮ ಬಜೆಟ್ ಮೀರಿತು ಅಂತಲೇ ಲೆಕ್ಕ. ಮುದ್ರಾಂಕ ಶುಲ್ಕ 5%, ಅದರ ಮೇಲೆ ಸೆಸ್ ಮತ್ತು ಸರ್‌ಚಾರ್ಜ್ ಸೇರಿ 5.6%. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ 1% ಇದ್ದದ್ದು 2% ಆಗಿದೆ. ಒಟ್ಟು 7.6%, ಅಂದರೆ 5.7 ಲಕ್ಷ. ಬ್ಯಾಂಕು ಈ ಮಟ್ಟದ ಸಾಲಕ್ಕೆ ಮನೆ ಬೆಲೆಯ 80% ತನಕ ಕೊಡಬಹುದು, ಅಂದರೆ 60 ಲಕ್ಷ. ನೋಂದಣಿ ಖರ್ಚು ಆ ಲೆಕ್ಕಕ್ಕೆ ಬರುವುದಿಲ್ಲ. ಹಾಗಾದರೆ ನಿಮ್ಮ ಕೈಯಿಂದ 15 ಲಕ್ಷ ಮತ್ತು 5.7 ಲಕ್ಷ, ಹತ್ತಿರ ಹತ್ತಿರ 21 ಲಕ್ಷ ಹೋಗುತ್ತದೆ. 60 ಲಕ್ಷಕ್ಕೆ 8.5% ಬಡ್ಡಿಯಲ್ಲಿ 20 ವರ್ಷಕ್ಕೆ ತಿಂಗಳ ಕಂತು ಸುಮಾರು 52 ಸಾವಿರ. ಬೆಂಗಳೂರಿನ ಬಾಡಿಗೆಯೂ ಇದರ ಜೊತೆಗೇ ನಡೆಯುವುದಾದರೆ ಕಷ್ಟ, ಅಲ್ವಾ? ಅದಕ್ಕೇ ನಾನು ಹೇಳುವುದು, ಮನೆ 62–65 ಲಕ್ಷದೊಳಗೆ ಹುಡುಕಿ. ಉಳಿದದ್ದು ನೋಂದಣಿಗೆ, ವೈರಿಂಗಿಗೆ, ಸಂಪು ರಿಪೇರಿಗೆ ಬೇಕೇ ಬೇಕು. ಮನೆ ಹಳೆಯದಾದಷ್ಟೂ ಬ್ಯಾಂಕಿನ ಎಂಜಿನಿಯರ್ ಕಟ್ಟಡಕ್ಕೆ ಕಮ್ಮಿ ಬೆಲೆ ಕಟ್ಟುತ್ತಾರೆ, ಆಗ ಸಾಲವೂ ಇಳಿಯುತ್ತದೆ. ಬೆಲೆ 50 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಮಾರುವವರಿಗೆ ಕೊಡುವ ಹಣದಲ್ಲಿ 1% ಟಿಡಿಎಸ್ ಹಿಡಿದು ಆದಾಯ ತೆರಿಗೆ ಇಲಾಖೆಗೆ ಕಟ್ಟುವುದು ನಿಮ್ಮ ಜವಾಬ್ದಾರಿ. ಇದನ್ನು ಎಷ್ಟೋ ಜನ ಮರೆತು ಆಮೇಲೆ ನೋಟಿಸ್ ಬಂದಾಗ ಓಡಾಡುತ್ತಾರೆ. ಇನ್ನು "ಅರ್ಧ ವೈಟು, ಅರ್ಧ ಬ್ಲ್ಯಾಕು" ಅನ್ನುವವರಿಗೆ ಕೈಮುಗಿದು ಮುಂದೆ ಹೋಗಿ. ಪತ್ರದಲ್ಲಿ ಬರೆದ ಬೆಲೆಗಷ್ಟೇ ಸಾಲ ಸಿಗುವುದು.

ಕೊನೆಗೆ, ಹಳೇ ಮನೆಯ ಕಾಂಪೌಂಡಿನಲ್ಲಿ ಮಾವಿನ ಮರವೋ ಹಲಸಿನ ಮರವೋ ಇದ್ದರೆ ಒಂದು ಮಾತು. ತಗೊಂಡ ಮೇಲೆ ಕೆಡವಿ ದೊಡ್ಡದಾಗಿ ಕಟ್ಟುವ ಯೋಚನೆ ಇದ್ದರೆ, ಆ ಮರವನ್ನು ವಿಚಾರಿಸದೆ ಸುಮ್ನೆ ಕಡಿಯಬೇಡಿ. ನಿಮ್ಮ ಸ್ವಂತ ಜಾಗದ್ದಾದರೂ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಪ್ರಕಾರ ವೃಕ್ಷ ಅಧಿಕಾರಿಯ ಅನುಮತಿ ಬೇಕಾಗಬಹುದು. ಎಂಜಿನಿಯರ್ ಪ್ಲಾನ್ ಬರೆಯುವ ಮೊದಲೇ ಮರ ಎಲ್ಲಿದೆ ಅಂತ ಅಳತೆ ಕೊಡಿ, ಅದನ್ನು ಬಿಟ್ಟು ಬರೆಯಲು ಹೇಳಿ. 20×30ರಲ್ಲೂ ಎಷ್ಟೋ ಸಲ ಅದು ಸಾಧ್ಯ.