ತಾಳಿ ಕಟ್ಟಿದ ದಿನ ಬೇರೆ, ಬರೆಸಿದ ದಿನ ಬೇರೆ

ನಮ್ಮ ಹಿರಿಯರ ಊರು ಹುಡುಕಿಕೊಡಿ ಅಂತ ದಕ್ಷಿಣ ಆಫ್ರಿಕಾದ ಡರ್ಬನ್‌ನಿಂದ ನನಗೆ ಬರುವ ಮೇಲ್‌ಗಳಲ್ಲಿ ಒಂದು ಕಾಗದ ಮಾತ್ರ ಯಾವಾಗಲೂ ತಡ. ಮುತ್ತಜ್ಜನ ಫೋಟೊ ಬರುತ್ತದೆ, ಮರಣಪತ್ರ ಬರುತ್ತದೆ, ಮನೆಯವರೇ ಕೈಯಲ್ಲಿ ಬರೆದ ವಂಶವೃಕ್ಷವೂ ಬರುತ್ತದೆ. ಮದುವೆ ಪತ್ರ ಇರುವುದಿಲ್ಲ. ಎರಡು ಮೂರು ಸಲ ಕೇಳಿದ ಮೇಲೆ ಕಳಿಸುತ್ತಾರೆ. ಜೊತೆಗೊಂದು ಸಾಲು: ‘ಇದು ನಮ್ಮವರದ್ದು ಅಲ್ಲ ಅನ್ನಿಸುತ್ತದೆ.’

ಯಾಕೆ ಅಂತ ಕಾಗದ ತೆರೆಯುವ ಮೊದಲೇ ನನಗೆ ಗೊತ್ತು. ಮದುವೆ 1915ರಲ್ಲಿ ಅಂತಿರುತ್ತದೆ. ದೊಡ್ಡ ಮಗ ಹುಟ್ಟಿದ್ದು 1899ರಲ್ಲಿ.

ಸ್ವಾಮಿ, ಅದು ಮದುವೆಯಾದ ದಿನ ಅಲ್ಲ. ಬರೆಸಿದ ದಿನ. ಇದನ್ನು ಎಷ್ಟು ಸಲ ಹೇಳಿದ್ದೇನೋ ನನಗೇ ಲೆಕ್ಕ ತಪ್ಪಿದೆ.

1860ರಿಂದ 1911ರವರೆಗೆ ಒಂದೂವರೆ ಲಕ್ಷಕ್ಕೂ ಜಾಸ್ತಿ ಜನ ಕರಾರು ಕೂಲಿಗಳಾಗಿ, ಡರ್ಬನ್ ಇರುವ ನಟಾಲ್ ಪ್ರಾಂತ್ಯಕ್ಕೆ ಹೋದರು. ಹೆಚ್ಚಿನವರು ಹಡಗು ಹತ್ತಿದ್ದು ಮದ್ರಾಸಿನಲ್ಲಿ, ಉಳಿದವರು ಕಲ್ಕತ್ತೆಯಲ್ಲಿ. ಕಬ್ಬಿನ ತೋಟದ ಸಾಲುಮನೆಗಳ ಮುಂದೆ ಹಿರಿಯರು ಕೂತು, ತಾಳಿ ಕಟ್ಟಿಸಿ, ಊಟ ಹಾಕಿದರೆ ಮದುವೆ ಮುಗಿಯಿತು. ಇಲ್ಲಿ ನಮ್ಮ ಹಳ್ಳಿಗಳಲ್ಲೂ ಹಾಗೇ ತಾನೇ ಆಗುತ್ತಿದ್ದದ್ದು? ಆದರೆ ಅಲ್ಲಿನ ಸರ್ಕಾರಕ್ಕೆ ಅಷ್ಟು ಸಾಲದು. ಭಾರತೀಯ ವಲಸಿಗರಿಗೆ ಅಂತಲೇ ಪ್ರೊಟೆಕ್ಟರ್ ಎಂಬ ಅಧಿಕಾರಿ ಇದ್ದ. ಅವನ ಕಚೇರಿಯಲ್ಲಿ ಬರೆಸಬೇಕಿತ್ತು. ಎಲ್ಲರೂ ಹೋಗಿ ಬರೆಸಲಿಲ್ಲ. ಬರೆಸದೆ ಇದ್ದರೂ ಸಂಸಾರ ನಡೆಯುತ್ತಿತ್ತು.

1913ರ ಮಾರ್ಚ್‌ನಲ್ಲಿ ದಕ್ಷಿಣ ಆಫ್ರಿಕಾದ ಕೇಪ್ ಪ್ರಾಂತ್ಯದ ಕೋರ್ಟಿನ ನ್ಯಾಯಮೂರ್ತಿ ಸರ್ಲ್ ಒಂದು ತೀರ್ಪು ಕೊಟ್ಟರು. ಅದರ ಪ್ರಕಾರ, ಕ್ರೈಸ್ತ ಪದ್ಧತಿಯಲ್ಲಿ ಆಗದ, ಕಾನೂನಿನಂತೆ ದಾಖಲೂ ಆಗದ ಮದುವೆ ಮದುವೆಯೇ ಅಲ್ಲ. ಇಪ್ಪತ್ತು ವರ್ಷ ಸಂಸಾರ ಮಾಡಿದ ಹೆಂಗಸರು ಕಾನೂನಿನ ಕಣ್ಣಲ್ಲಿ ಹೆಂಡತಿಯರೇ ಅಲ್ಲ ಅಂತಾಯಿತು. ಆ ವರ್ಷ ಕಸ್ತೂರಬಾ ಜೈಲಿಗೆ ಹೋದದ್ದಕ್ಕೆ ಇದೂ ಒಂದು ಕಾರಣ. 1914ರಲ್ಲಿ ಇಂಡಿಯನ್ ರಿಲೀಫ್ ಆ್ಯಕ್ಟ್ ಬಂತು. ಹಳೇ ಮದುವೆಗಳನ್ನು ದಾಖಲು ಮಾಡಿಸಲು ದಾರಿಯಾಯಿತು. ನರೆತ ಕೂದಲಿನ ದಂಪತಿಗಳು ಹೋಗಿ ಹೆಬ್ಬೆಟ್ಟು ಒತ್ತಿ ಬಂದರು. ನಿಮ್ಮ ಕೈಯಲ್ಲಿರುವ ಕಾಗದ ಅಂಥದ್ದಿರಬಹುದು. ಇರಬಹುದು ಅಂತಷ್ಟೇ ಹೇಳುತ್ತೇನೆ. ಎರಡನೇ ಮದುವೆಯೂ ಆಗಿರಬಹುದು, ಅದನ್ನು ಬೇರೆಯಾಗಿ ನೋಡಬೇಕು.

ಹೋದ ವರ್ಷ ಒಬ್ಬ ಅಮ್ಮ, ವಯಸ್ಸು ಎಪ್ಪತ್ತು ದಾಟಿದೆ, ಎಂಟು ತಿಂಗಳು ಈ ಮದುವೆ ಪತ್ರ ಮುಚ್ಚಿಟ್ಟಿದ್ದರು. ತಾತನ ಜನನ ದಾಖಲೆಯಲ್ಲಿ ‘ಅಕ್ರಮ ಸಂತಾನ’ ಅಂತ ಬರೆದಿತ್ತಂತೆ, ತಂದೆಯ ಹೆಸರಿನ ಜಾಗ ಖಾಲಿ. ಮೊಮ್ಮಕ್ಕಳಿಗೆ ತೋರಿಸುವುದು ಹೇಗೆ ಅಂತ ಸಂಕೋಚ. ಎಂಟು ತಿಂಗಳು ನಾನು ಮನೆತನದ ಹೆಸರು ಹಿಡಿದುಕೊಂಡು ಸುಮ್ನೆ ತಡಕಾಡಿದೆ. ಆ ಮನೆತನದ ಹೆಸರೋ, ಅದು ಮುತ್ತಜ್ಜನ ಅಪ್ಪನ ಹೆಸರು! ಗುಮಾಸ್ತರು ಯಾವುದೋ ಕಾಲದಲ್ಲಿ ಅದನ್ನೇ ಕೊನೆಗೆ ಅಂಟಿಸಿದ್ದರು. ಈ ಕಥೆಯೂ ದೊಡ್ಡದಿದೆ, ಇವತ್ತು ಬೇಡ.

ಕೊನೆಗೂ ಕಾಗದ ಬಂತು. ಗಂಡನ ಹೆಸರಿನ ಪಕ್ಕ ಐದಂಕಿಯ ಸಂಖ್ಯೆ. ಹೆಂಡತಿಯ ಹೆಸರಿನ ಪಕ್ಕವೂ ಒಂದು. ಶಾಯಿ ಮಾಸಿತ್ತು, ಮೂರನೇ ಅಂಕಿ ಒಂದೋ ಏಳೋ ಅಂತ ಅರ್ಧ ದಿನ ಹೋಯಿತು. ಓದಿ ಬರೆದುಕೊಂಡಾಗ ನಗು ಬಂತು. ಎರಡೂ ಒಂದರ ಹಿಂದೆ ಒಂದು. ಈ ಸಂಖ್ಯೆಯನ್ನು ಹಡಗಿನಲ್ಲಿ ಬಂದ ಕೂಲಿಗಳಿಗೆಲ್ಲ ಸರತಿಯಲ್ಲಿ ಕೊಡುತ್ತಿದ್ದರು. ಸರತಿಯಲ್ಲಿ ಅಕ್ಕಪಕ್ಕ ನಿಂತವರು ಇವರು. 1915ರಲ್ಲಿ ಮದುವೆಯಾದರು ಅನ್ನುವವರು, ಅದಕ್ಕೆ ಎಷ್ಟೋ ವರ್ಷ ಮುಂಚೆ ಒಂದೇ ಹಡಗಿನಿಂದ ಒಟ್ಟಿಗೆ ಇಳಿದಿದ್ದಾರೆ.

ಹಡಗಿನ ಪಟ್ಟಿಯಲ್ಲಿ ಆ ಸಂಖ್ಯೆಗಳ ಎರಡು ಸಾಲು ಸಿಕ್ಕಿತು. ತಂದೆಯ ಹೆಸರು, ವಯಸ್ಸು, ಜಾತಿ, ಜಿಲ್ಲೆ, ಊರು, ಮೈಮೇಲಿನ ಗುರುತು. ಇಬ್ಬರಿಗೂ ಜಿಲ್ಲೆ ಮೈಸೂರು. ಅವಳ ಗುರುತು ಬಲಗೈ ಮೇಲೆ ಹಚ್ಚೆ. ಇದನ್ನು ಓದಿ ಹೇಳಿದಾಗ ಆ ಅಮ್ಮ ವಿಡಿಯೊ ಕರೆಯಲ್ಲಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಊರಿನ ಹೆಸರು ಮಾತ್ರ ಇನ್ನೂ ಕೂಡಿ ಬಂದಿಲ್ಲ. ಗುಮಾಸ್ತ ಕಿವಿಗೆ ಬಿದ್ದಂತೆ ಬರೆದಿದ್ದಾನೆ, ಆ ಸದ್ದಿಗೆ ಹೊಂದುವ ಹಳ್ಳಿಗಳು ನಾಲ್ಕಿವೆ.

ಹಾಗಂತ ಅಕ್ಕಪಕ್ಕದ ಸಂಖ್ಯೆ ಸಿಕ್ಕ ತಕ್ಷಣ ಗಂಡಹೆಂಡತಿ ಅಂತ ಷರಾ ಬರೆಯಬೇಡಿ. ಅಣ್ಣತಂಗಿಯೂ ಇರಬಹುದು. ಹಡಗಿಗೆ ಕಾಯುತ್ತಾ ಡಿಪೋದಲ್ಲೇ ಪರಿಚಯವಾಗಿ ಜೋಡಿಯಾದವರೂ ಇದ್ದರು. ತಂದೆಯ ಹೆಸರು, ಊರು, ಮುಂದೆ ಹುಟ್ಟಿದ ಮಕ್ಕಳ ದಾಖಲೆ, ಎಲ್ಲ ಹೊಂದಬೇಕು.

ಆ ಅಮ್ಮ ಕೊನೆಗೆ ಕೇಳಿದ್ದು ಒಂದೇ. ವಂಶವೃಕ್ಷದಲ್ಲಿ ಮದುವೆ ದಿನದ ಜಾಗದಲ್ಲಿ ಏನು ಬರೆಯಲಿ?

‘ಹಡಗು ಹತ್ತುವ ಮುಂಚೆ ಅಂತ ಬರೆಯಿರಿ ಅಮ್ಮ. ಪಕ್ಕದಲ್ಲಿ ಒಂದು ಪ್ರಶ್ನೆ ಚಿಹ್ನೆ ಹಾಕಿ’ ಅಂದೆ.

ವಾರದ ಮೇಲೆ ಹೊಸ ವೃಕ್ಷ ಬಂತು. ಪ್ರಶ್ನೆ ಚಿಹ್ನೆ ಇರಲಿಲ್ಲ.